ಅಕ್ಕನ ಅಂಗೈ ಸುಲಿದ ವರ್ಷ

ಪಂಚಮಿಯ ಹಿಂದಿನ ದಿನ ಕವಿತಾಳದ ನಮ್ಮ ಹೈಸ್ಕೂಲಿನಲ್ಲಿ ಪಾಠ ನಡೆಯುವುದಿಲ್ಲ, ನಡೆಸಿದಂತೆ ನಟಿಸುತ್ತೇವೆ ಅಷ್ಟೆ. ಹುಡುಗಿಯರು ಅಂಗೈ ತುಂಬ ಮದರಂಗಿ ಮೆತ್ತಿಕೊಂಡು ಬರುತ್ತಾರೆ. ಬರೆಯಿರಿ ಎಂದರೆ "ಕೈ ಇನ್ನಾ ಹಸಿ ಅದಾವ್ರಿ ಟೀಚರ್" ಎಂದು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ಈ ವರ್ಷವೂ ಹಾಗೇ ಆಯಿತು. ಮಳೆ ಬಂದೇ ಬಿಟ್ಟಿತು ಅನ್ನುವಂತೆ ಮೋಡ ಕವಿದಿದ್ದರಿಂದ ಕಿಟಕಿ ಮುಚ್ಚಿಸಿದ್ದೆ. ಆ ಮುಚ್ಚಿದ ಕೋಣೆಯಲ್ಲಿ ಅರೆದ ಸೊಪ್ಪಿನ ವಾಸನೆ ಮೂಗಿಗೆ ಬಡಿಯಿತು. ಹಾಜರಿ ಕೂಗುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿ, ಹೊರಗೆ ಬಂದು ಬೇವಿನ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಊರಿಗೆಲ್ಲ ಅದು ಹಬ್ಬದ ವಾಸನೆ. ನನಗೆ ಮಾತ್ರ ಅದು ನಮ್ಮಕ್ಕ ಹುಲಿಗೆಮ್ಮನ ಔಷಧದ ವಾಸನೆ.

ಮಾನ್ವಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಕ್ಕನ ರೊಟ್ಟಿ ಅಂಗಡಿ ಇತ್ತು. ಅಂಗಡಿ ಎಂದರೆ ದೊಡ್ಡದೇನಲ್ಲ, ಮನೆಯ ಪಡಸಾಲೆಯಲ್ಲಿ ಎರಡು ಒಲೆ, ಎರಡು ಹಂಚು, ಹಿಟ್ಟು ನಾದುವ ಕೊಣಮಿಗಿ. ನಮ್ಮ ತವರು ದೇವದುರ್ಗ. ಅಪ್ಪ, ಅವ್ವ ಇಬ್ಬರೂ ಕೂಲಿಗೆ ಹೋಗುವವರು. ಹಿರಿಯಳಾದ ಅಕ್ಕ ಶಾಲೆ ಬಿಟ್ಟು ರೊಟ್ಟಿ ಬಡಿದಳು, ಕಿರಿಯಳಾದ ನಾನು ಕಲಿತು ಟೀಚರ್ ಆದೆ. ಇದನ್ನು ಅವಳು ಎಂದೂ ಎತ್ತಿ ಆಡಿದವಳಲ್ಲ. ಸಿಟ್ಟು ಬಂದಾಗ ಮಾತ್ರ "ನೀ ಸಾಲಿ ಕಲಿತಾಕಿ, ನಿನಗೇನು ತಿಳಿತದ ಬಿಡು" ಎನ್ನುತ್ತಿದ್ದಳು. ಅವಳ ಗಂಡ ಭೀಮಣ್ಣ ಮಾವ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸಗಾರ. ವಾರದ ರಜೆಗೆ ಮನೆಗೆ ಬಂದರೆ ಬೂದಿ ಮೆತ್ತಿದ ಅಂಗಿಯಲ್ಲೇ ಒಲೆಯ ಮುಂದೆ ಕುಳಿತು ಅಕ್ಕನಿಗೆ ಹಿಟ್ಟು ನಾದಿ ಕೊಡುತ್ತಿದ್ದ. ಮಕ್ಕಳಿಲ್ಲದ ಅವರಿಬ್ಬರ ಮಾತುಕತೆಯೆಲ್ಲ ಆ ಕೊಣಮಿಗಿಯ ಎರಡು ಬದಿಯಲ್ಲೇ ನಡೆಯುತ್ತಿತ್ತು.

ಅಕ್ಕ ರೊಟ್ಟಿ ಬಡಿಯುವುದನ್ನು ನೀವು ನೋಡಬೇಕಿತ್ತು. ಬಲಗೈ ಬಡಿಯುತ್ತಿದ್ದರೆ ಎಡಗೈ ಅಂಚು ತಿರುಗಿಸುತ್ತಿತ್ತು, ಬಾಯಿ ಗಿರಾಕಿಗಳ ಜೊತೆ ಜಗಳ ಆಡುತ್ತಿತ್ತು. ಮೂರೂ ಒಂದಕ್ಕೊಂದು ಅಡ್ಡ ಬರುತ್ತಿರಲಿಲ್ಲ. ಬಿಸಿ ಹಂಚಿನ ಮೇಲೆ ಬರಿಗೈಯಲ್ಲಿ ನೀರು ಸವರುವಳು. "ಕೈ ಸುಡಂಗಿಲ್ಲೇನು ಬೇ?" ಎಂದರೆ, "ಸುಡೋ ಕೈ ಸುಟ್ಟು ಹೋಗಿ ಭಾಳ ವರ್ಷಾತು, ಇವು ಬ್ಯಾರೆ ಕೈ" ಎಂದು ನಗುವಳು. ಅವಳ ಅಂಗೈ ಅಷ್ಟು ಗಟ್ಟಿ ಇದ್ದವು.

ಆ ವರ್ಷ ಯುಗಾದಿ ಕಳೆದ ಮೇಲೆ ಅವಳಿಗೆ ಊಟ ಸೇರದಾಯಿತು. ಬಲಪಕ್ಕೆಯ ಕೆಳಗೆ ಕಲ್ಲಿಟ್ಟಂತೆ ಭಾರ. ರಾಯಚೂರಿಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದೆವು. ಲಿವರಿನಲ್ಲಿ ಗಡ್ಡೆ, ಆಪರೇಷನ್ ಮಾಡುವ ಹಂತ ದಾಟಿದೆ ಎಂದರು. ಎಂದೋ ಬಂದುಹೋದ ಕಾಮಾಲೆಯ ವಿಷಾಣು ರಕ್ತದಲ್ಲೇ ಉಳಿದು ವರ್ಷಗಟ್ಟಲೆ ಲಿವರನ್ನು ತಿಂದಿತ್ತಂತೆ. ನಮಗೆ ಗೊತ್ತಿದ್ದದ್ದು ಇಷ್ಟೇ: ಸಣ್ಣವಳಿದ್ದಾಗ ಅವಳಿಗೆ ಕಾಮಣಿಯಾಗಿ, ಅವ್ವ ಯಾರದೋ ಹತ್ತಿರ ಸೊಪ್ಪಿನ ರಸ ಕುಡಿಸಿ, ವಾಸಿಯಾಯಿತೆಂದು ನೀರಮಾನ್ವಿ ಯಲ್ಲಮ್ಮನಿಗೆ ಕಾಯಿ ಒಡೆಸಿದ್ದಳು. ಓಣಿಯವರಿಗೆ ಇದೆಲ್ಲ ಬೇಕಿರಲಿಲ್ಲ. "ಲಿವರ್ ಕೆಟ್ಟದ ಅಂದ್ರ, ನಿಮ್ಮಕ್ಕ ಕುಡೀತಿದ್ದಳೇನ್ರಿ?" ಎಂದು ಒಬ್ಬಳು ನನ್ನನ್ನೇ ಕೇಳಿದಳು. "ಹೌದ್ರಿ, ದಿನಾ ಒಂದು ತಂಬಿಗಿ ಅಂಬಲಿ ಕುಡೀತಿದ್ದಳು. ನೀವೂ ಹುಷಾರಿರ್ರಿ" ಎಂದೆ. ಆಮೇಲೆ ಆಕೆ ನಮ್ಮ ಕಡೆ ಸುಳಿಯಲಿಲ್ಲ.

ರಾಯಚೂರಿನ ಡಾಕ್ಟರು ಇನ್ನೂ ಹರೆಯದವರು. ನಿಧಾನವಾಗಿ ಮಾತಾಡುವವರು. ಇದು ಕೂದಲು ಉದುರಿಸುವ ಕಿಮೋ ಅಲ್ಲ, ಗಡ್ಡೆಗೆ ರಕ್ತ ಹೋಗುವ ದಾರಿಯನ್ನೇ ಗುರಿ ಇಟ್ಟು ಕಟ್ಟುವ ಗುಳಿಗೆ, ಗಡ್ಡೆಯನ್ನು ಪೂರ್ತಿ ತೆಗೆಯುವುದಿಲ್ಲ, ತಡೆದು ನಿಲ್ಲಿಸಬಹುದು ಎಂದು ಬಿಡಿಸಿ ಹೇಳಿದರು. ಅಕ್ಕನನ್ನು ಹೊರಗೆ ಕೂರಿಸಿ ಬಂದ ಭೀಮಣ್ಣ ಮಾವ ಕೈ ಮುಗಿದು ಕೇಳಿದ: "ಇನ್ನಾ ಎಷ್ಟು ದಿನಾ ಅಂತ ಹೇಳಿಬಿಡ್ರಿ ಸಾಹೇಬ್ರ."

"ನಾನೊಂದು ಸಂಖ್ಯೆ ಹೇಳಿದ್ರ ನೀವು ಅದನ್ನೇ ಹಿಡ್ಕೊಂಡು ಕೂಡ್ತೀರಿ" ಎಂದರು ಅವರು. "ಲಿವರ್ ಎಷ್ಟು ಗಟ್ಟಿ ಉಳದದ, ಹೊಟ್ಟಿಯೊಳಗ ನೀರು ತುಂಬೇದನೋ ಇಲ್ಲೋ, ಗಡ್ಡಿ ರಕ್ತನಾಳದೊಳಗ ಹೊಕ್ಕದನೋ ಹ್ಯಾಂಗ, ಗುಳಿಗಿ ಶುರು ಆದ ಮ್ಯಾಲೆ ರಕ್ತದೊಳಗಿನ ಕ್ಯಾನ್ಸರ್ ಗುರುತು ಇಳೀತದೋ ಏರ್ತದೋ, ಇಷ್ಟೂ ನೋಡಿ ಇಂಥವರು ಸಾಮಾನ್ಯವಾಗಿ ಇಷ್ಟು ಕಾಲ ಬದುಕ್ತಾರ ಅಂತ ಅಂದಾಜು ಮಾಡ್ತೀವಿ. ಆದ್ರ ಅದು ನೂರಾರು ಮಂದಿದು ಕೂಡಿಸಿದ ಲೆಕ್ಕ. ಇವರೊಬ್ಬರದು ಅಲ್ಲ."

ನನಗೆ ಸಿಟ್ಟು ಬಂತು. ಇಷ್ಟೆಲ್ಲ ಓದಿ, ಕೊನೆಗೆ ಗೊತ್ತಿಲ್ಲ ಎನ್ನುವುದಕ್ಕೆ ಇಷ್ಟುದ್ದ ಮಾತೇ? ಆದರೆ ಮಾನ್ವಿಗೆ ಮರಳುವ ಬಸ್ಸಿನಲ್ಲಿ ಯೋಚಿಸಿದಾಗ ಆ ಮನುಷ್ಯ ಹೇಳಿದ್ದು ಸರಿಯೇ ಅನ್ನಿಸಿತು. ನಮ್ಮ ಶಾಲೆಯ ಹತ್ತನೇ ತರಗತಿಯ ಫಲಿತಾಂಶ ಹೇಗಿರುತ್ತದೆ ಎಂದು ಪರೀಕ್ಷೆಗೆ ಮೊದಲೇ ನಾನು ಹೇಳಬಲ್ಲೆ, ಹೆಚ್ಚು ಕಡಿಮೆ ಹಾಗೇ ಬರುತ್ತದೆ. ಆದರೆ ಮೂಲೆಯಲ್ಲಿ ಕೂರುವ ಆ ಒಬ್ಬ ಹುಡುಗಿ ಪಾಸಾಗುತ್ತಾಳೋ ಇಲ್ಲವೋ ಎಂಬುದರಲ್ಲಿ ಪ್ರತಿ ವರ್ಷ ಮೋಸಹೋಗುತ್ತೇನೆ. ಈಗ ನಮಗೆ ಬೇಕಾಗಿದ್ದದ್ದು ಆ ಒಬ್ಬಳ ಫಲಿತಾಂಶ.

ಗುಳಿಗೆ ಶುರುವಾಗಿ ಕೆಲವೇ ವಾರಗಳಲ್ಲಿ ಅಕ್ಕನ ಅಂಗೈ, ಅಂಗಾಲು ಕೆಂಪಾದವು. ಮೊದಲು ಉರಿ, ಆಮೇಲೆ ಬೊಬ್ಬೆ, ಆಮೇಲೆ ಚರ್ಮ ಪದರು ಪದರಾಗಿ ಸುಲಿಯತೊಡಗಿತು. ಬೆಂಕಿಗೆ ಹೆದರದ ಕೈಗಳು ಬಿಸಿ ಚಹಾದ ಲೋಟ ಹಿಡಿಯಲಾರದಾದವು. ಕೈ ಬಾತು, ಬಳೆಗಳನ್ನು ಒಡೆದು ತೆಗೆಯಬೇಕಾಯಿತು. ಮುತ್ತೈದೆಯ ಬಳೆ ಒಡೆಯುವುದು ಸುಮ್ಮನೆಯ ಮಾತಲ್ಲ; ಮಾವ ಆ ಹೊತ್ತಿಗೆ ಎದ್ದು ಓಣಿಯ ತುದಿಗೆ ಹೋಗಿ ನಿಂತ.

ಹೆದರಿಕೊಂಡು ರಾಯಚೂರಿಗೆ ಓಡಿದೆವು. ಡಾಕ್ಟರು ಅವಳ ಕೈ ತಿರುಗಿಸಿ ನೋಡಿದರು. "ತ್ರಾಸು ಅದ, ಗೊತ್ತದ. ಆದ್ರ ಒಂದು ಮಾತು ಹೇಳ್ತೀನಿ. ಹಿಂಗ ಕೈ ಸುಲಿಯೋರಿಗೆ ಗುಳಿಗಿ ಚಲೋ ಹತ್ತಿರ್ತದ, ಅವರು ಉಳಿದವರಿಗಿಂತ ಹೆಚ್ಚು ಕಾಲ ಇರೋದು ಕಂಡುಬಂದದ. ಎಲ್ಲಾರಿಗೂ ಅಲ್ಲ ಮತ್ತ" ಎಂದರು. ಎಲ್ಲಾರಿಗೂ ಅಲ್ಲ ಎಂಬ ಮಾತು ನಮ್ಮ ಯಾರ ಕಿವಿಗೂ ಬೀಳಲಿಲ್ಲ. ಅಕ್ಕನಿಗಂತೂ ಆ ಬಾಗಿಲು ದಾಟುವಾಗಲೇ ಮುಖ ಅರಳಿತ್ತು. "ಸುಲೀಲಿ ಬಿಡು ಹಂಗಾರ" ಎಂದಳು. "ಮೊಣಕೈತನಕ ಸುಲೀಲಿ!"

ಆವತ್ತಿನಿಂದ ನಮ್ಮ ಮನೆಯಲ್ಲಿ ಬೊಬ್ಬೆಗೆ ಹಬ್ಬದ ಮರ್ಯಾದೆ. ಮಾವ ಶಕ್ತಿನಗರದಿಂದ ಫೋನ್ ಮಾಡಿದರೆ ಊಟ ಮಾಡಿದೆಯಾ ಎಂದು ಕೇಳುವ ಮೊದಲು "ಕೈ ಹ್ಯಾಂಗ ಅದಾವ?" ಎನ್ನುತ್ತಿದ್ದ. "ಚಲೋತ್ನಾಗ ಸುಲಿಯಾಕತ್ತಾವ" ಎಂದು ಅವಳು ಹೇಳಿದರೆ ಆ ಕಡೆಯಿಂದ ನಿಟ್ಟುಸಿರು ಕೇಳುತ್ತಿತ್ತು. ರೊಟ್ಟಿ ಬಡಿಯಲು ಓಣಿಯ ಹೆಂಗಸೊಬ್ಬಳನ್ನು ಗೊತ್ತುಮಾಡಿದೆವು. ಭಾನುವಾರ ನಾನು ಬಡಿಯುತ್ತಿದ್ದೆ. "ಟೀಚರ್ ರೊಟ್ಟಿ ಕರ್ನಾಟಕದ ನಕಾಶಿ ಇದ್ದಂಗ ಅದ" ಎಂದು ಗಿರಾಕಿಗಳು ನಗುತ್ತಿದ್ದರು. ಅಕ್ಕ ಗೋಡೆಗೊರಗಿ ಕುಳಿತು, "ಬೀದರ್ ಕಡಿ ದಪ್ಪ ಆಗ್ಯದ, ಅಲ್ಲಿ ಬಡಿ" ಎಂದು ಇನ್ನಷ್ಟು ನಗಿಸುತ್ತಿದ್ದಳು.

ಆದರೆ ಅವಳು ಒಂದು ಹುಚ್ಚುತನ ಮಾಡಿದಳು. ಡಾಕ್ಟರು ಕೊಟ್ಟ ಮುಲಾಮು ಹಚ್ಚಿದರೆ ಕೈ ವಾಸಿಯಾಗುತ್ತದೆ, ಕೈ ವಾಸಿಯಾದರೆ ಗುಳಿಗೆಯ ಗುಣ ಹೋಗುತ್ತದೆ ಎಂದುಕೊಂಡು ಅದನ್ನು ಹಚ್ಚಲೇ ಇಲ್ಲ. ನೋವನ್ನೂ ಮುಚ್ಚಿಟ್ಟಳು. ಅಂಗಾಲಿನ ಹುಣ್ಣಿನ ಮೇಲೆ ಬಟ್ಟೆ ಸುತ್ತಿ, ಹಿಮ್ಮಡಿಯ ಮೇಲೆ ನಡೆಯುತ್ತಾ, ಕೇಳಿದರೆ "ಆರಾಮ ಅದೀನ್ರಿ" ಎನ್ನುತ್ತಿದ್ದಳು. ಡಾಕ್ಟರು ಒಂದು ದಿನ ಅವಳ ನಡಿಗೆ ನೋಡಿ ಚಪ್ಪಲಿ ಬಿಡಿಸಿದರು. ಹುಣ್ಣು ಕೀವಾಗಿತ್ತು. ಆ ಸಮಾಧಾನದ ಮನುಷ್ಯ ಅವತ್ತು ಬೈದರು: "ಕೈ ಸುಲಿಯೋದು ಗುರುತು ಅಷ್ಟೇ ಅಮ್ಮ. ಅದೇ ಔಷಧ ಅಲ್ಲ!" ಹುಣ್ಣು ಮಾಯುವವರೆಗೆ ಗುಳಿಗೆ ಕಡಿಮೆ ಮಾಡಿದರು. ಕೀವು ಒರೆಸುವಾಗ ತುಟಿ ಕಚ್ಚಿ ಕುಳಿತಿದ್ದವಳು, ಗುಳಿಗೆ ಕಡಿಮೆಯಾಯಿತೆಂದು ಕೇಳಿ ಗಳಗಳ ಅತ್ತಳು.

ಆ ಆಸ್ಪತ್ರೆಯ ಪಡಸಾಲೆಯಲ್ಲೇ ಆಚಾರ್ರು ಸಿಕ್ಕಿದ್ದು. ರಾಯಚೂರಿನವರು, ಸಂಸ್ಕೃತ ಮಾಸ್ತರಾಗಿದ್ದು ನಿವೃತ್ತರಾದವರು. ಹಣೆಯಲ್ಲಿ ಅಂಗಾರ ಅಕ್ಷತೆ, ಹೆಗಲ ಮೇಲೆ ಶಲ್ಯ. ಅಕ್ಕನಿಗಿದ್ದ ರೋಗವೇ ಅವರಿಗೂ, ಅದೇ ಗುಳಿಗೆ. ಆದರೆ ಅವರ ಅಂಗೈ ಮಾತ್ರ ಬೆಣ್ಣೆ. ಒಂದು ಬೊಬ್ಬೆ ಇಲ್ಲ, ಒಂದು ಗೆರೆ ಕೆಂಪಾಗಿಲ್ಲ. ಪ್ರತಿ ಸಲ ಅಕ್ಕನ ಕೈ ನೋಡಿ, "ನೀ ಪುಣ್ಯವಂತಿ ಹುಲಿಗೆಮ್ಮ. ನನ್ನ ಕೈ ನೋಡು, ಏನೂ ಇಲ್ಲ. ಗುಳಿಗಿ ನನ್ನ ಗುರುತೇ ಹಿಡಿಲಿಲ್ಲ ಅಂತ ಕಾಣ್ತದ. ಹರಿಚಿತ್ತ" ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಆದರೆ ಕಣ್ಣು ನಗುತ್ತಿರಲಿಲ್ಲ. ಅಕ್ಕ ಅವರ ಕೈ ಸುಲಿಯಲಿ ಎಂದು ಯಲ್ಲಮ್ಮನಿಗೆ ಹರಕೆ ಹೊತ್ತಳು! ಒಬ್ಬ ಮನುಷ್ಯನ ಚರ್ಮ ಕಿತ್ತು ಬರಲಿ ಎಂದು ದೇವರನ್ನು ಬೇಡಿಕೊಂಡವಳು ಜಗತ್ತಿನಲ್ಲಿ ನಮ್ಮಕ್ಕ ಒಬ್ಬಳೇ ಇರಬೇಕು.

ಹೋದಾಗಲೆಲ್ಲ ಅವಳು ಅವರಿಗೆ ಖಡಕ್ ರೊಟ್ಟಿ, ನಂಜಿಕೊಳ್ಳಲು ಗುರೆಳ್ಳು ಹಿಂಡಿ ಒಯ್ಯುತ್ತಿದ್ದಳು. ಅವರು ಕೈಯಲ್ಲಿ ತೆಗೆದುಕೊಳ್ಳುತ್ತಿರಲಿಲ್ಲ. ಬೆಂಚಿನ ಮೇಲೆ ಇಡಲು ಹೇಳಿ, ಆಮೇಲೆ ಚೀಲಕ್ಕೆ ಸೇರಿಸಿ, "ಮನಿಗೆ ಒಯ್ತೀನಿ ತಾಯಿ" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. "ಅವರ ಮನಿ ಆಕಳು ತಿಂತದ ನಿನ್ನ ರೊಟ್ಟಿ, ತಿಳಿಕೋ" ಎಂದೆ ಒಮ್ಮೆ. ಅಕ್ಕನಿಗೆ ಸಿಟ್ಟೇ ಬರಲಿಲ್ಲ. "ತಿನ್ನಲಿ ಬಿಡು. ಆಕಳಿಗೂ ಹೊಟ್ಟಿ ಅದ" ಎಂದಳು. ಅವಳ ಆ ಗುಣ ನನಗೆ ಇವತ್ತಿಗೂ ಬಂದಿಲ್ಲ.

ಪಂಚಮಿ ಬಂತು. ಉರಿ ತಡೆಯಲು ಮದರಂಗಿ ಹಚ್ಚಬಹುದೇ ಎಂದು ಕೇಳಿದ್ದಕ್ಕೆ ಡಾಕ್ಟರು, ಹುಣ್ಣಿಲ್ಲದ ಕಡೆ ಹಚ್ಚಿಕೊಳ್ಳಿ, ಮುಲಾಮು ಮಾತ್ರ ಬಿಡಬೇಡಿ ಎಂದಿದ್ದರು. ನಾನು ಸೊಪ್ಪು ಅರೆದು ಅವಳ ಅಂಗೈ, ಅಂಗಾಲಿಗೆ ಮೆತ್ತಿದೆ. ತಣ್ಣಗೆ ಹತ್ತಿದ ಕೂಡಲೇ "ಹಾ ಯವ್ವಾ!" ಎಂದು ಕಣ್ಣು ಮುಚ್ಚಿದಳು. ಅವಳ ಗಂಟಲೂ ಗುಳಿಗೆಯಿಂದ ಒಡೆದು ಗೊಗ್ಗರಾಗಿತ್ತು. ಆ ಗೊಗ್ಗರು ದನಿಯಲ್ಲೇ ಪಂಚಮಿ ಹಾಡು ಗುನುಗಿದಳು. ರಕ್ತದೊಳಗಿನ ಗುರುತು ಚೆನ್ನಾಗಿ ಇಳಿದಿದೆ ಎಂಬ ರಿಪೋರ್ಟು ಬಂದದ್ದೂ ಆ ವಾರವೇ. ಕೆಂಪು ಕೈ ನೋಡಿ ಓಣಿಯವರು "ಯಾರ ಮದಿವಿ ಬೇ ಹುಲಿಗೆಮ್ಮ?" ಎಂದರೆ "ನಂದೇ, ಇನ್ನೊಮ್ಮೆ" ಎಂದಳು. ಮಾವ ನಾಚಿ ಒಳಗೆ ಹೋದ. ಮಳೆ ಸಣ್ಣಗೆ ಹಿಡಿದಿತ್ತು. ಆ ಶ್ರಾವಣದಷ್ಟು ಸುಖವಾಗಿ ನಾವು ಮತ್ತೆಂದೂ ಇರಲಿಲ್ಲ. ಡಾಕ್ಟರ ಎಲ್ಲ ಲೆಕ್ಕದಲ್ಲೂ ಅಕ್ಕ ಪಾಸಾಗುವವರ ಸಾಲಿನಲ್ಲಿದ್ದಳು. ದಸರೆಗೆ ಎರಡು ರೊಟ್ಟಿಯನ್ನು ಮೊಣಕೈಯಿಂದ ಒತ್ತಿ ಒತ್ತಿ ತಾನೇ ಮಾಡಿದಳು ಕೂಡ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಂಗಳದ ಬಿಸಿಲಿನಲ್ಲಿ ಅವಳ ಕಣ್ಣು ಹಳದಿ ಕಂಡವು. ಹೊಟ್ಟೆ ಉಬ್ಬಿತ್ತು. ಆವತ್ತೇ ಬಸ್ಸು ಹತ್ತಿದೆವು. ರಾಯಚೂರಿನಲ್ಲಿ ಡಾಕ್ಟರು ರಿಪೋರ್ಟನ್ನು ಎರಡು ಸಲ ಓದಿದರು. ಲಿವರ್ ಸೋತಿದೆ, ಇನ್ನು ಈ ಗುಳಿಗೆ ಕೊಟ್ಟರೆ ಗುಳಿಗೆಯೇ ಕೊಲ್ಲುತ್ತದೆ, ನಿಲ್ಲಿಸೋಣ, ನೋವಾಗದಂತೆ ನೋಡಿಕೊಳ್ಳೋಣ ಎಂದರು. ಈ ಸಲ ಮಾವ ಎಷ್ಟು ದಿನ ಎಂದು ಕೇಳಲಿಲ್ಲ. "ಡಾಕ್ಟರ್ ಸಾಹೇಬ್ರ, ಕೈ ಅಷ್ಟು ಚಲೋ ಸುಲಿದಿದ್ದವಲ್ರೀ" ಎಂದಷ್ಟೇ ಹೇಳಿದ. ಡಾಕ್ಟರು ಎದ್ದು ಬಂದು ಅವನ ಹೆಗಲು ಹಿಡಿದುಕೊಂಡರು.

ಗುಳಿಗೆ ನಿಂತಿತು. ಕೈ ವಾಸಿಯಾಗತೊಡಗಿದವು.

ದಿನದಿನಕ್ಕೆ ಉರಿ ಇಳಿಯಿತು, ಹಳೆಯ ಸಿಪ್ಪೆ ಉದುರಿ ಒಳಗಿಂದ ಹೊಸ ಚರ್ಮ ಬಂತು. ಕೂಸಿನ ಅಂಗೈಯಂಥ ನಯವಾದ, ತೆಳು ಕೆಂಪಿನ ಚರ್ಮ. ಅಕ್ಕ ಬಿಸಿಲಿಗೆ ಕೈಯೊಡ್ಡಿ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. "ಲೇ, ಗುಳಿಗಿ ಬಿಟ್ಟಿದ್ದಕ್ಕ ಅಲ್ಲೇನು ಇದು?" ಎಂದಳು. ನಾನು ಪಾತ್ರೆ ತಿಕ್ಕುವವಳಂತೆ ಬೆನ್ನು ತಿರುಗಿಸಿದೆ. "ಹಂಗಾರ ಮುಗೀತು ಅನ್ನು" ಎಂದು, ತನ್ನಷ್ಟಕ್ಕೆ ತಾನು ತಲೆಯಾಡಿಸಿದಳು.

ಅಷ್ಟರಲ್ಲಿ ಅವ್ವ ದೇವದುರ್ಗದಿಂದ ಬಂದಳು. ಅವಳಿಗೆ ನಾವು ಕ್ಯಾನ್ಸರ್ ಎಂದು ಹೇಳಿರಲಿಲ್ಲ. ಗುಳಿಗೆಯ ಉರಿಗೆ ಕೈ ಸುಲಿದಿವೆ ಎಂಬುದಷ್ಟೇ ಗೊತ್ತಿತ್ತು. ಬಂದವಳೇ ಮಗಳ ಅಂಗೈ ಹಿಡಿದು, ಸವರಿ, ತನ್ನ ಕೆನ್ನೆಗೊತ್ತಿಕೊಂಡಳು. "ಯಪ್ಪಾ! ಎಷ್ಟು ಚಂದ ಆಗ್ಯಾವ! ನನ್ನ ಮಗಳು ಗುಣ ಆದ್ಳು!" ಎಂದು ಓಣಿಗೆಲ್ಲ ಸಕ್ಕರೆ ಹಂಚಿದಳು. ಓಣಿಯವರೂ, ರೊಟ್ಟಿ ಗಿರಾಕಿಗಳೂ ಬಂದು ಕೈ ನೋಡಿ ಹೌದು ಹೌದು ಎಂದರು. ಮೈ ಹಳದಿಯಾದದ್ದು ಯಾರಿಗೂ ಕಾಣಲಿಲ್ಲ. ವರ್ಷವೆಲ್ಲ ಕೈಯ ಸುದ್ದಿಯನ್ನೇ ಕೇಳಿದ್ದ ಅವರಿಗೆ ರೋಗ ಇದ್ದದ್ದೇ ಕೈಯಲ್ಲಿ. ಅವ್ವ ಮಾರನೆಯ ದಿನವೇ ನೀರಮಾನ್ವಿಗೆ ಹೋಗಿ ಯಲ್ಲಮ್ಮನಿಗೆ ಉಡಿ ತುಂಬಿ ಬಂದಳು. ನಾನು ಅಕ್ಕನ ಬಳಿ ಕುಳಿತು, "ಇನ್ನ ಹೇಳಿಬಿಡ್ತೀನಿ, ನನಗ ತಡಿಯಾಕ ಆಗವಲ್ದು" ಎಂದೆ. "ಹೇಳಬ್ಯಾಡ" ಎಂದಳು. "ಅಳೋದು ಎಲ್ಲಿಗೂ ಹೋಗಂಗಿಲ್ಲ, ಮುಂದ ಇದ್ದೇ ಅದ. ಈಗರೆ ಆಕಿ ಸಕ್ಕರಿ ಹಂಚಲಿ."

ಎಳ್ಳಮಾಸಿ ಹತ್ತಿರ ಬಂದಿತ್ತು. ಎಳ್ಳು ಹಚ್ಚಿದ ಸಜ್ಜೆರೊಟ್ಟಿಗೆ ಅಂಗಡಿಯಲ್ಲಿ ಜನ ತುಂಬುವ ಕಾಲ. ಅಕ್ಕ ತನ್ನನ್ನು ಒಲೆಯ ಮುಂದೆ ಕೂರಿಸಿ ಎಂದು ಹಟ ಹಿಡಿದಳು. ಮಾವ ನಾದಿ ಕೊಟ್ಟ, ಬೆನ್ನಿಗೆ ನಾನು ಒತ್ತು ಕೊಟ್ಟು ಕುಳಿತೆ. ಅವಳು ಬಡಿದಳು. ನಾಲ್ಕು ಬಡಿದು ಉಸಿರು ತೆಗೆದುಕೊಳ್ಳುವಳು, ಮತ್ತೆ ನಾಲ್ಕು. ಹೊಸ ಚರ್ಮಕ್ಕೆ ಹಂಚಿನ ಬಿಸಿ ತಾಗಿ "ಸ್ಸ್" ಎಂದಳು. ಎಷ್ಟೋ ವರ್ಷಗಳ ಮೇಲೆ ಅವಳ ಕೈ ಸುಟ್ಟಿತ್ತು. ರೊಟ್ಟಿ ಮಾತ್ರ ಚಂದ್ರನಷ್ಟು ದುಂಡಗೆ, ಎಲೆಯಷ್ಟು ತೆಳ್ಳಗೆ ಬಂತು. "ಕೈ ಮರೆತಿಲ್ಲ ನೋಡು" ಎಂದಳು ಮಾವನಿಗೆ. ಅವನು ಕೊಣಮಿಗಿಯ ಕಡೆ ಬಾಗಿ, ನಾದಿದ್ದನ್ನೇ ಮತ್ತೆ ನಾದುತ್ತಾ ಕುಳಿತ.

ಹೊಟ್ಟೆಯ ನೀರು ತೆಗೆಸಲು ರಾಯಚೂರಿಗೆ ಹೋಗುವಾಗ ಆ ರೊಟ್ಟಿಗಳನ್ನೂ ಕಟ್ಟಿಸಿಕೊಂಡಳು. ಪಡಸಾಲೆಯಲ್ಲಿ ಆಚಾರ್ರು ಇದ್ದರು. ಎಂದಿನಂತೆ "ಬಾ ತಾಯಿ, ಎಲ್ಲಿ, ಕೈ ತೋರಿಸು" ಎಂದರು. ಅಕ್ಕ ಎರಡೂ ಅಂಗೈ ಬಿಚ್ಚಿದಳು. ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ತಮ್ಮ ಕೈಗಳನ್ನು ಮೆಲ್ಲಗೆ ಶಲ್ಯದೊಳಗೆ ಸರಿಸಿಕೊಂಡರು.

"ಎಳ್ಳಮಾಸಿ ರೊಟ್ಟಿ ಅದಾವ್ರಿ ಆಚಾರ್ರ, ನಾನೇ ಬಡಿದೀನಿ" ಎಂದು ಅಕ್ಕ ಗಂಟನ್ನು ಬೆಂಚಿನ ಮೇಲೆ ಇಡಲು ಹೋದಳು.

"ಇಡಬ್ಯಾಡ. ಇಲ್ಲೆ ಕೊಡು" ಎಂದರು. ಶಲ್ಯದೊಳಗಿನಿಂದ ಬಲಗೈ ಹೊರತೆಗೆದು ಅವಳ ಮುಂದೆ ಚಾಚಿದರು. ಅಕ್ಕ ಒಂದು ರೊಟ್ಟಿ ಆ ಕೈಯಲ್ಲಿಟ್ಟಳು. ಅವರು ಅಷ್ಟು ಜನರ ನಡುವೆ, ಡೆಟಾಲ್ ವಾಸನೆಯ ಆ ಪಡಸಾಲೆಯಲ್ಲೇ ಮುರಿದು ಬಾಯಿಗಿಟ್ಟುಕೊಂಡರು. ಅಗಿಯಲು ಬಾರದೆ ಬಹಳ ಹೊತ್ತು ಹಿಡಿಯಿತು. ಇಡೀ ರೊಟ್ಟಿ ತಿಂದರು. ಮಡಿಲಿಗೆ ಉದುರಿದ ಎಳ್ಳನ್ನೂ ಆಯ್ದು ತಿಂದರು. "ಇಷ್ಟು ದಿನಾ ಆಕಳಿಗೆ ಹಾಕಿದೆ ತಾಯಿ. ಎಂಥಾ ರುಚಿ ಕಳಕೊಂಡೆ" ಎಂದರು. ಅಕ್ಕ ನನ್ನ ಕಡೆ ತಿರುಗಿ, "ನಿನ್ನ ಮಾತೇ ಖರೆ ಆತಲ್ಲ ಬೇ!" ಎಂದು ನಕ್ಕಳು. ಅವಳು ಬಾಯ್ತುಂಬ ನಕ್ಕದ್ದು ಅದೇ ಕೊನೆ.

ಸಂಕ್ರಾಂತಿಗೆ ಮೊದಲೇ ಅಕ್ಕ ಹೋದಳು. ಮಧ್ಯಾಹ್ನದ ಹೊತ್ತು, ಎರಡೂ ಒಲೆ ಆರಿದ್ದವು. ಮುತ್ತೈದೆಯಾಗಿ ಹೋದವಳು ಎಂದು ಓಣಿಯ ಹೆಂಗಸರು ಅರಿಶಿನ ಹಚ್ಚಿ, ಹಸಿರು ಬಳೆ ತಂದರು. ವರ್ಷವಿಡೀ ಬಳೆಯಿಲ್ಲದ ಕೈ. ತೊಡಿಸಿದ ಹೆಂಗಸು "ಎಷ್ಟು ಮೆತ್ತಗ ಅದಾವ್ರಿ ಕೈ, ಬಳಿ ತಾವಾಗೇ ಏರಿದವು" ಎಂದಳು. ಅವ್ವ ಅಲ್ಲೇ ಕುಳಿತಿದ್ದಳು. ಬಂದ ಬಂದವರಿಗೆಲ್ಲ ಆ ಅಂಗೈ ಎತ್ತಿ, ತಿರುಗಿಸಿ ತೋರಿಸಿದಳು. "ನೋಡ್ರಿ, ಗುಣ ಆಗಿದ್ದವು. ನನ್ನ ಮಗಳು ಗುಣ ಆಗಾಕತ್ತಿದ್ಳು" ಎಂದು ಹೇಳಿ ಹೇಳಿ ಅತ್ತಳು.

ಆಚಾರ್ರು ಇನ್ನೂ ಇದ್ದಾರೆ. ಅದೇ ಗುಳಿಗೆ, ಅದೇ ನಯವಾದ ಕೈ. ಎಳ್ಳಮಾಸಿ ಬಂದಾಗೊಮ್ಮೆ ಫೋನ್ ಮಾಡುತ್ತಾರೆ. ಮಾತೇನೂ ಇರುವುದಿಲ್ಲ. "ಇನ್ನಾ ಇದ್ದೀನಿ ತಾಯಿ" ಎನ್ನುತ್ತಾರೆ, ಯಾವುದೋ ತಪ್ಪು ಮಾಡಿ ಸಿಕ್ಕವರ ದನಿಯಲ್ಲಿ. "ಇರ್ರಿ ಆಚಾರ್ರ, ಅಕ್ಕನ ಹರಕಿ ಅದು" ಎನ್ನುತ್ತೇನೆ. ಡಾಕ್ಟರು ಮೊದಲ ದಿನವೇ ಹೇಳಿದ್ದರು, ಲೆಕ್ಕ ನೂರಾರು ಮಂದಿಯದು, ಒಬ್ಬರದಲ್ಲ ಎಂದು. ತಿಳಿದಿದೆ. ತಿಳಿದು ಏನು ಮಾಡಲಿ?

ಈ ಸಲ ಪಂಚಮಿಯ ರಜೆಗೆ ದೇವದುರ್ಗಕ್ಕೆ ಹೋದೆ. ತವರುಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಅವ್ವನಿಗೆ ಈಗ ಕಣ್ಣು ಮಂಜು. ಹೋದ ಕೂಡಲೇ ನನ್ನ ಕೈಗಳನ್ನು ಹುಡುಕಿ ಹಿಡಿದುಕೊಂಡು ಅಂಗೈ ಸವರಿದಳು. ಸೀಮೆಸುಣ್ಣ ಹಿಡಿದು ಹಿಡಿದು ನನ್ನವು ಒರಟಾಗಿವೆ.

"ನಿನ್ನ ಕೈ ಹಿಂಗ್ಯಾಕ ಆಗ್ಯಾವ ಬೇ? ಆಕಿ ಕೈ ನೋಡಬೇಕಿತ್ತು ನೀ, ಕಡೀಕ ಎಷ್ಟು ಮೆತ್ತಗ ಆಗಿದ್ದವು. ಗುಣ ಆಗಾಕತ್ತಿದ್ಳು ಅಲ್ಲೇನು ನಿಮ್ಮಕ್ಕ?"

"ಹೂಂ ಯವ್ವಾ" ಎಂದೆ. "ಆಗಾಕತ್ತಿದ್ಳು."